ಮೂರು ಚುಕ್ಕೆಯ ತಂತಿ

ರೂಪರ್ಟ್ ರಸ್ತೆಯ ಮನೆ, ಐಡಹೋ
11 ಜನವರಿ 1998

ಜಾನೆಲ್ ಪುಟ್ಟಿ,

ನಿನ್ನ ಕಾಗದ ಬಂತು. ಒಂಬತ್ತು ಪುಟ. ಎರಡು ಸಲ ಓದಿದೆ, ಕನ್ನಡಕ ಒರೆಸಿಕೊಂಡು ಮೂರನೇ ಸಲವೂ ಓದಿದೆ. ಬಾಯ್ಸಿ ಪಟ್ಟಣದ ಚಳಿ ಇದೆ, ನಿನ್ನ ಬಾಡಿಗೆ ಮನೆಯ ಬೆಕ್ಕಿದೆ, ನಿನ್ನ ದೀಪದ ಬೋರ್ಡ್ ಕಂಪನಿ ಯಜಮಾನ ಕಿರ್ಬಿಯ ಮಂಡಿನೋವೂ ಇದೆ. ನೀನು ಯಾವ ಲೈಸೆನ್ಸಿಗೆ ಅರ್ಜಿ ಹಾಕ್ತೀಯ ಅನ್ನೋ ಒಂದು ಸಾಲು ಮಾತ್ರ ಎಲ್ಲೂ ಸಿಗಲಿಲ್ಲ.

ಫೋನ್ ಮಾಡು ಅಂತೀಯ. ಮಾಡಲ್ಲ. ಫೋನಿನಲ್ಲಿ ನಾನು ಎರಡು ಮಾತಾಡೋದರೊಳಗೆ ನೀನು ನಾಲ್ಕು ಆಡ್ತೀಯ. ಕಾಗದದಲ್ಲಾದರೆ ಮುಗಿಯೋ ತನಕ ನೀನು ಸುಮ್ಮನಿರಲೇಬೇಕು.

ನಿನ್ನ ತಾತ ಹೋಗಿ ಎಂಟು ವಾರ ಆಯ್ತು. ಪಂಪಿನ ಅಂಗಡಿಯ ಲೈಸೆನ್ಸು ಅವರ ಹೆಸರಿನ ಮೇಲೆ ನಿಂತಿತ್ತು. ಸರ್ಕಾರದಿಂದ ಕಾಗದ ಬಂದಿದೆ: ಏಪ್ರಿಲ್ ಹದಿನೈದರೊಳಗೆ ಪಂಪಿನ ಲೈಸೆನ್ಸ್ ಇರೋ ಇನ್ನೊಬ್ಬರ ಹೆಸರು ಕೊಡಿ, ಇಲ್ಲದಿದ್ದರೆ ಅಂಗಡಿ ಮುಚ್ಚಿ. ಏಪ್ರಿಲ್ ನಡುವಿಗೆ ಹೊಲಕ್ಕೆ ನೀರು ಬಿಡ್ತಾರೆ ಅಂತ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮನ್ನೇ ನಂಬಿದ ಬಾವಿಗಳು ನಲವತ್ತೊಂದು. ಪಟ್ಟಣದ ಪಂಪ್ ಕಂಪನಿಯವನು ಆಗಲೇ ಎರಡು ಸಲ ಬಂದು ನಮ್ಮ ಕ್ರೇನ್ ಲಾರಿಯ ಸುತ್ತ ತಿರುಗಿ, ಚಕ್ರ ಒದ್ದು ನೋಡಿ ಹೋಗಿದ್ದಾನೆ.

ತಾತನ ಜೊತೆ ಎರಡು ವರ್ಷ ಪಂಪಿನ ಕೆಲಸ ಮಾಡಿದವಳು ನಮ್ಮ ಮನೇಲಿ ನೀನೊಬ್ಬಳೇ. ನಿಮ್ಮಪ್ಪನಿಗೆ ಬಲ್ಬ್ ಬದಲಾಯಿಸೋಕೂ ಪ್ರಾರ್ಥನೆ ಬೇಕು.

ಇಲ್ಲಿ ಬೇರೆ ವಿಶೇಷ ಏನಿಲ್ಲ. ಮಣ್ಣು ಮಾಡಿದ ದಿನ ಚರ್ಚಿನ ಹೆಂಗಸರು ಚೀಸು ಸುರಿದ ಆಲೂಗಡ್ಡೆ ತಟ್ಟೆ ಹನ್ನೊಂದು ತಂದಿದ್ದರು. ಹತ್ತರ ತಳದಲ್ಲಿ ಹೆಸರು ಅಂಟಿಸಿತ್ತು, ವಾಪಸ್ ಕೊಟ್ಟೆ. ಹನ್ನೊಂದನೆಯದಕ್ಕೆ ಹೆಸರಿಲ್ಲ, ಅದನ್ನು ಮೂರು ಜನ ತಮ್ಮದು ಅಂತಿದ್ದಾರೆ. ಗುರುತು ಹಾಕದೇ ಇದ್ದರೆ ಹೀಗೇ ಆಗೋದು.

ಒಂದು ಸಾಲು ಬರಿ. ಒಂದೇ.

ನಿನ್ನ ಅಜ್ಜಿ,
ವರ್ಲಾ

*

ಬಾಯ್ಸಿ
24 ಜನವರಿ 1998

ಪ್ರೀತಿಯ ಅಜ್ಜಿ,

ಒಂದು ಸಾಲಿನಲ್ಲಿ ಆಗಲ್ಲ. ನೀನು ಅಂದುಕೊಂಡಷ್ಟು ಸುಲಭ ಇಲ್ಲ.

ಪೂರ್ತಿ ಎಲೆಕ್ಟ್ರಿಷಿಯನ್ ಲೈಸೆನ್ಸು ನನಗೆ ಸಿಗಲ್ಲ, ಅದಕ್ಕೆ ಬೇರೆ ಓದು, ಬೇರೆ ವರ್ಷಗಳು ಬೇಕು. ನನಗೆ ಸಿಗೋದು ಒಂದೇ ಕಸುಬಿಗೆ ಸೀಮಿತವಾದ ಲೈಸೆನ್ಸು. ಫಾರ್ಮಿನಲ್ಲಿ ಸಾಲಾಗಿ ಚೌಕಗಳಿವೆ. ಲಿಫ್ಟ್, ಶೀತಲ ಯಂತ್ರ, ಹೀಗೆ ಏನೇನೋ. ನನಗೆ ಸಂಬಂಧಪಟ್ಟವು ಮೂರು. ದೀಪದ ಬೋರ್ಡು, ಹೊಲ ಸುತ್ತೋ ಸ್ಪ್ರಿಂಕ್ಲರ್, ಬಾವಿಯ ಪಂಪು. ಒಂದಕ್ಕೆ ಗುರುತು ಹಾಕಬೇಕು. ಒಂದರಲ್ಲಿ ದುಡಿದ ಗಂಟೆ ಇನ್ನೊಂದಕ್ಕೆ ಲೆಕ್ಕಕ್ಕಿಲ್ಲ. ಪರೀಕ್ಷೆಯೂ ಬೇರೆ ಬೇರೆ.

ಬೋರ್ಡಿನ ಕೆಲಸದಲ್ಲಿ ನನಗೆ ಮೂರು ವರ್ಷ ತುಂಬಿದೆ. ಕಿರ್ಬಿ ಸಹಿ ಹಾಕಿಕೊಡ್ತಾನೆ, ಲೈಸೆನ್ಸ್ ಬಂದರೆ ಇಡೀ ಲಾರಿ ನನಗೇ ಒಪ್ಪಿಸ್ತಾನಂತೆ. ಸ್ಪ್ರಿಂಕ್ಲರ್ ತಗೊಂಡರೆ ನಮ್ಮ ಕಡೆ ಕೆಲಸಕ್ಕೆ ಬರ ಇಲ್ಲ, ಪ್ರತಿ ಹೊಲದಲ್ಲೂ ಒಂದು ನಿಂತಿದೆ. ಏನು ಕೆಟ್ಟರೂ ನೆಲದ ಮೇಲೆ, ಕಣ್ಣಿಗೆ ಕಾಣೋ ಹಾಗೆ ಕೆಡುತ್ತೆ. ಪಂಪು ಅಂದರೆ ಅದು ಮುನ್ನೂರು ಅಡಿ ಕೆಳಗೆ.

ಈ ಸಲದ ಅರ್ಜಿಗೆ ಕೊನೇ ದಿನ ಮಾರ್ಚ್ ಹದಿನಾರು. ಯೋಚನೆ ಮಾಡ್ತಿದ್ದೀನಿ. ದಯವಿಟ್ಟು ಅವಸರ ಮಾಡಬೇಡ.

ನಿನ್ನ,
ಜಾನೆಲ್

*

ರೂಪರ್ಟ್ ರಸ್ತೆ
1 ಫೆಬ್ರವರಿ 1998

ಜಾನೆಲ್,

ಯೋಚನೆ ಮಾಡು ತಾಯಿ, ಮಾಡು. ನಾನು ಮದುವೆ ಮಾಡಿಕೊಂಡಾಗಲೂ ಇಷ್ಟು ಯೋಚನೆ ಮಾಡಿರಲಿಲ್ಲ.

ನಿನ್ನ ಕಾಗದವನ್ನು ಪಕ್ಕದ ಹೊಲದ ಆರಿನ್‌ಗೆ ಓದಿ ಹೇಳಿದೆ. ದನಕ್ಕೆ ಮೇವು ತಗೊಂಡು ಹೋಗ್ತಾ ಇಲ್ಲಿ ಬಾರ್ಲಿ ನೀರು ಕುಡಿಯೋಕೆ ನಿಂತಿದ್ದ, ಕಾಫಿಗೆ ನಮ್ಮ ಚರ್ಚು ಬಿಡಲ್ಲವಲ್ಲ.

"ಬಾವಿಯಿಂದ ನನ್ನ ಸ್ಪ್ರಿಂಕ್ಲರಿಗೆ ಎಷ್ಟು ಲೈಸೆನ್ಸು ದೂರ, ವರ್ಲಾ?" ಅಂದ.

"ಸ್ವಿಚ್ಚಿನಿಂದ ಬಾವಿ ಕಡೆ ಹೋದರೆ ಒಂದು, ಸ್ಪ್ರಿಂಕ್ಲರ್ ಕಡೆ ಹೋದರೆ ಇನ್ನೊಂದು, ಸ್ವಿಚ್ಚಿಗೆ ಬರೋ ತಂತಿ ಮುಟ್ಟಿದರೆ ಎರಡೂ ಸಾಲದು" ಅಂದೆ.

"ಈ ವಿಷಯ ನೀರಿಗೆ ಗೊತ್ತಾ?"

"ನೀರು ನನ್ನ ಹಾಗೆ ಆರನೇ ಕ್ಲಾಸು. ಸುಮ್ಮನೆ ಹೋಗುತ್ತೆ."

ನನ್ನನ್ನು ಬೀಟ್ ಗಡ್ಡೆ ಕೀಳೋ ಕಾಲಕ್ಕೆ ಅಪ್ಪ ಸ್ಕೂಲಿಂದ ಕರಕೊಂಡು ಬಂದ, ವಾಪಸ್ ಕಳಿಸೋದು ಮರೆತ. ಅದಕ್ಕೇ ಇರಬೇಕು, ಈ ಚೌಕಗಳು ನನಗೆ ಅರ್ಥ ಆಗಲ್ಲ. ಆದರೆ ನಿನ್ನ ತಾತನ ಜೊತೆ ನಲವತ್ತೊಂದು ವರ್ಷ ಬಾವಿ ಬಾವಿ ತಿರುಗಿದ್ದೀನಿ. ಅವರು ಮೇಲೆ ಕ್ರೇನ್ ಹಿಡಿದರೆ ನಾನು ಕೆಳಗೆ ಪೈಪು ಹಿಡೀತಿದ್ದೆ. ಬಂದವರೆಲ್ಲ "ಹೆಂಡತಿ ಊಟ ತಂದಿದ್ದಾಳೆ" ಅಂತಲೇ ಅಂದುಕೊಳ್ತಿದ್ದರು. ಊಟನೂ ತರ್ತಿದ್ದೆ ಅನ್ನು.

ಇದರ ಜೊತೆ ನಿನ್ನ ಗಂಟೆಗಳ ಹಾಳೆ ಕಳಿಸ್ತಿದ್ದೀನಿ. ಪ್ರತಿ ಶನಿವಾರ ತಾತ ಸಹಿ ಮಾಡಿದ್ದು. ಮೈದಾ ಡಬ್ಬದ ಹಿಂದೆ ಇಟ್ಟಿದ್ದರು, ಸ್ವಲ್ಪ ಹಿಟ್ಟು ಮೆತ್ತಿದೆ, ಕೊಡವಿಕೋ. ಲೈಸೆನ್ಸಿಗೆ ಬೇಕಾದ ಎರಡು ವರ್ಷದ ಲೆಕ್ಕ ಪೂರ್ತಿ ಇದೆ. ಒಂದು ವಾರವೂ ಬಿಟ್ಟಿಲ್ಲ.

ಸ್ಪ್ರಿಂಕ್ಲರ್ ನೆಲದ ಮೇಲೆ ಕೆಡುತ್ತೆ ಅನ್ನೋದು ಒಂದು ಕಾರಣವಾ? ನಮ್ಮ ಹಸು ಕೂಡ ನೆಲದ ಮೇಲೇ ಸಾಯುತ್ತೆ.

ಅಜ್ಜಿ

*

ಬಾಯ್ಸಿ
20 ಫೆಬ್ರವರಿ 1998

ಅಜ್ಜಿ,

ಹಾಳೆ ತಲುಪಿದವು. ನಾನು ಕೇಳಿರಲಿಲ್ಲ. ನೀನು ಯಾಕೆ ಕಳಿಸಿದೆ ಅಂತ ಗೊತ್ತು. ಹೀಗೆ ಕಟ್ಟಿಹಾಕಿದರೆ ನಾನು ಬರ್ತೀನಿ ಅಂದುಕೊಂಡಿದ್ದೀಯ.

ಬೋರ್ಡಿನ ಲೈಸೆನ್ಸ್ ತಗೊಳ್ಳೋದು ಅಂತ ಹೆಚ್ಚುಕಮ್ಮಿ ತೀರ್ಮಾನ ಮಾಡಿದ್ದೀನಿ. ಅಂಗಡಿ ನಿನಗೆ ಎಷ್ಟು ಮುಖ್ಯ ಅಂತ ಗೊತ್ತು. ಆದರೆ ತಾತನ ನೆನಪಿಗೆ ಅಂತ ಒಂದು ಕಸುಬು ಹಿಡಿಯೋಕೆ ಆಗಲ್ಲ. ಪಂಪ್ ಕಂಪನಿಯವನು ಲಾರಿಗೆ ಒಳ್ಳೆ ಬೆಲೆ ಕೊಟ್ಟರೆ ನೀನೂ ಯೋಚನೆ ಮಾಡು.

ಜಾನೆಲ್

*

ರೂಪರ್ಟ್ ರಸ್ತೆ
27 ಫೆಬ್ರವರಿ 1998

ಮೊಮ್ಮಗಳೇ,

ಹೆಚ್ಚುಕಮ್ಮಿ ತೀರ್ಮಾನ ಅಂದರೆ ಏನು? ಹೆಚ್ಚಾ, ಕಮ್ಮಿಯಾ?

ತಾತನ ನೆನಪಂತೆ. ನೆನಪಿಗೆ ಅವರ ಟೋಪಿ ಇದೆ, ಮೊಳೆಗೆ ನೇತಾಕಿದ್ದೀನಿ, ಅದಕ್ಕೆ ಯಾವ ಪರೀಕ್ಷೆಯೂ ಇಲ್ಲ. ನಾನು ಕೇಳಿದ್ದು ನೆನಪನ್ನಲ್ಲ. ಬಾವಿಯಲ್ಲಿ ಪಂಪ್ ನಿಂತಾಗ ಯಾರು ಹೋಗೋದು ಅಂತ ಕೇಳಿದೆ. ಪಟ್ಟಣದವನು ನಾಲ್ಕು ದಿನ ಬಿಟ್ಟು ಬರ್ತಾನೆ. ಆಲೂಗಡ್ಡೆ ಹೂ ಬಿಡೋ ಹೊತ್ತಿಗೆ ನಾಲ್ಕು ದಿನ ಅಂದರೆ ಏನು ಅಂತ ನಿನಗೆ ಗೊತ್ತು.

ಹೋಗಲಿ. ಊರಿನ ಪಿಜ್ಜಾ ಅಂಗಡಿ ಮೇಲೆ ನಿನ್ನ ಬೋರ್ಡು ಮಿಣಮಿಣ ಅನ್ನಲಿ. ಉರಿಯದೇ ಇದ್ದರೂ ಜನ ಪಿಜ್ಜಾ ತಿಂತಾರೆ.

ಈ ವಾರ ಏನೂ ನಡೆಯಲಿಲ್ಲ. ಬುಧವಾರ ಯಾರೋ ಒಬ್ಬರು ಬಂದಿದ್ದರು, ಸೇಬಿನ ಪೈ ತಿಂದರು, ಹೋದರು.

ಲಾರಿ ಮಾರೋದಾದರೆ ಏಪ್ರಿಲ್ ಹದಿನಾರಕ್ಕೆ ಮಾರ್ತೀನಿ. ಒಂದು ದಿನ ಮುಂಚೆ ಇಲ್ಲ.

ವರ್ಲಾ

*

ಬಾಯ್ಸಿ
7 ಮಾರ್ಚ್ 1998

ಅಜ್ಜಿ,

ನಿನ್ನೆ ಆರಿನ್ ಮಾವ ಫೋನ್ ಮಾಡಿದ್ದರು. ಪೈ ತಿಂದು ಹೋದವನು ಸರ್ಕಾರದ ಇನ್ಸ್‌ಪೆಕ್ಟರ್ ಅಂತೆ. ಮಾವನ ದನದ ಕೊಟ್ಟಿಗೆಯ ಬಾವಿಗೆ ನೀನೇ ಹೋಗಿ ಮೋಟರ್ ಜೋಡಿಸಿದ್ದೀಯ. ಲೈಸೆನ್ಸ್ ಇಲ್ಲದೆ, ಎಪ್ಪತ್ಮೂರನೇ ವಯಸ್ಸಲ್ಲಿ, ಮಂಜಿನಲ್ಲಿ ಮಂಡಿಯೂರಿ. ಅವನು ಸ್ವಿಚ್ ಪೆಟ್ಟಿಗೆಗೆ ಕೆಂಪು ಚೀಟಿ ಅಂಟಿಸಿ, ಇನ್ನೊಂದು ಸಲ ಆದರೆ ದಂಡ ಅಂತ ಹೇಳಿ ಹೋಗಿದ್ದಾನೆ. ನೀನು ನನಗೆ ಬರೆದದ್ದು ಪೈ ವಿಷಯ.

ನಾನೂ ಒಂದು ವಿಷಯ ಬರೆದಿರಲಿಲ್ಲ. ಈಗ ಬರೀತೀನಿ.

ತೊಂಬತ್ನಾಲ್ಕರ ಜುಲೈ. ಆರಿನ್ ಮಾವನ ದೊಡ್ಡ ಬಾವಿ. ರಿಪೇರಿಯಾಗಿ ಬಂದ ಮೋಟರನ್ನು ಕೂರಿಸಿ ಮೂರು ತಂತಿ ಜೋಡಿಸಿದ್ದು ನಾನು. ಸ್ವಿಚ್ ಹಾಕಿದ ಕೂಡಲೇ ಅದು ಉಲ್ಟಾ ತಿರುಗಿತು. ಮೇಲಿನ ಮೋಟರಿನಿಂದ ಕೆಳಗಿನ ಪಂಪಿಗೆ ಇಳಿದ ಮುನ್ನೂರು ಅಡಿ ಉದ್ದದ ಸರಳು ಬಾವಿಯೊಳಗೆ ತನ್ನ ತಿರುಪನ್ನು ತಾನೇ ಬಿಚ್ಚಿಕೊಂಡು ಬಾಗಿಹೋದ ಸದ್ದು ನನಗೆ ಈಗಲೂ ಕೇಳುತ್ತೆ. ಪಂಪ್ ಎತ್ತಿ ಮತ್ತೆ ಇಳಿಸೋಕೆ ಒಂಬತ್ತು ದಿನ. ನಲವತ್ತು ಎಕರೆ ಆಲೂಗಡ್ಡೆ ನೆಲಕ್ಕೆ ಮಲಗಿತು. ತಾತ ಮಾವನ ಮುಂದೆ ಟೋಪಿ ತೆಗೆದು "ತಪ್ಪು ನನ್ನದು" ಅಂದ. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ನಾನು ಬೋರ್ಡಿನ ಕೆಲಸ ಇಷ್ಟ ಅಂತ ಬಾಯ್ಸಿಗೆ ಬರಲಿಲ್ಲ. ಬೋರ್ಡ್ ಉರಿಯದಿದ್ದರೆ ಯಾರ ಬೆಳೆಯೂ ಒಣಗಲ್ಲ ಅಂತ ಬಂದೆ.

ನೀನು ಕಳಿಸಿದ ಹಾಳೆಗಳಲ್ಲಿ ಆ ವಾರದ್ದೂ ಇದೆ. ತಾತ ಅದಕ್ಕೂ ಪೂರ್ತಿ ಸಹಿ ಮಾಡಿ ಪಕ್ಕದಲ್ಲಿ "ಕೆಲಸ ಸರಿ" ಅಂತ ಬರೆದಿದ್ದಾನೆ. ಕನಿಕರದಿಂದ ಕೊಟ್ಟ ಗಂಟೆಗಳು ಅವು. ಅವನ್ನು ತೋರಿಸಿ ಲೈಸೆನ್ಸ್ ಕೇಳೋಕೆ ನನ್ನ ಕೈ ಬರಲ್ಲ.

ಬೋರ್ಡಿನ ಚೌಕಕ್ಕೆ ಗುರುತು ಹಾಕಿ ಫಾರ್ಮ್ ಮೇಜಿನ ಮೇಲಿಟ್ಟಿದ್ದೀನಿ. ಹದಿನಾರಕ್ಕೆ ನಾನೇ ಹೋಗಿ ಕೊಡ್ತೀನಿ. ದಯವಿಟ್ಟು ಇನ್ನು ಬಾವಿಗಳ ಹತ್ತಿರ ಹೋಗಬೇಡ.

ಜಾನೆಲ್

*

ರೂಪರ್ಟ್ ರಸ್ತೆ
10 ಮಾರ್ಚ್ 1998

ಜಾನೆಲ್ ಪುಟ್ಟಿ,

ಇದನ್ನು ಕೂತ್ಕೊಂಡು ಓದು. ಮಧ್ಯೆ ಎದ್ದು ಫೋನ್ ಎತ್ತಬೇಡ.

ಇನ್ಸ್‌ಪೆಕ್ಟರ್ ಪೈ ತಿಂದಿದ್ದು ನಿಜ. ಎರಡು ತುಂಡು. "ಮೇಡಂ, ಜೋಡಣೆ ಸರಿಯಾಗೇ ಇದೆ, ಮಾಡಿದವರು ಸರಿಯಿಲ್ಲ" ಅಂದ. ಆರಿನ್‌ನ ದನ ಎರಡು ದಿನದಿಂದ ನೀರಿಲ್ಲದೆ ಕೂಗ್ತಿದ್ದವು, ನಿಮ್ಮ ಚೌಕಕ್ಕೆ ಕಾಯೋ ತಾಳ್ಮೆ ಅವಕ್ಕಿರಲಿಲ್ಲ ಅಂದೆ. ಅದು ಹಾಗಿರಲಿ.

ಆ ಜುಲೈ ವಿಷಯ. ಮೋಟರ್ ಬಿಚ್ಚೋ ದಿನ ನೀನು ಇರಲಿಲ್ಲ, ಹಲ್ಲು ಕೀಳಿಸೋಕೆ ಪಟ್ಟಣಕ್ಕೆ ಹೋಗಿದ್ದೆ. ಬಿಚ್ಚಿದ್ದು ನಾನು ಮತ್ತು ನಿನ್ನ ತಾತ. ಬಿಚ್ಚೋ ಮುಂಚೆ ಯಾವ ತಂತಿ ಯಾವುದಕ್ಕೆ ಅಂತ ಗುರುತು ಹಾಕಬೇಕು. ಬಣ್ಣದ ಟೇಪು ಮುಗಿದಿತ್ತು. ಟೇಪು ಇಲ್ಲದಾಗ ಯಾವಾಗಲೂ ನನ್ನ ಚೀಲದ ಉಗುರುಬಣ್ಣವೇ, ನಿನಗೆ ಗೊತ್ತು. ಒಂದನೇ ತಂತಿಗೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಸ್ಟಾರ್ಟರ್ ಕಡೆ ಒಂದು ಸಲ, ಮೋಟರ್ ಕಡೆ ಒಂದು ಸಲ.

ಕನ್ನಡಕ ಲಾರಿಯಲ್ಲಿತ್ತು. ತರೋಕೆ ಹೋಗಲಿಲ್ಲ. ಇಪ್ಪತ್ತು ಹೆಜ್ಜೆ. ಮೋಟರ್ ಕಡೆ ಎರಡು ಚುಕ್ಕೆ ಇಡಬೇಕಾದ ತಂತಿಗೆ ಮೂರು ಇಟ್ಟೆ, ಮೂರರದ್ದಕ್ಕೆ ಎರಡು. ಎರಡು ತಂತಿ ಅದಲುಬದಲಾದರೆ ಸಾಕು, ಮೋಟರ್ ಉಲ್ಟಾ ತಿರುಗುತ್ತೆ.

ವಾರ ಬಿಟ್ಟು ನೀನು ಬಂದು ಚುಕ್ಕೆಗೆ ಚುಕ್ಕೆ ಜೋಡಿಸಿದೆ. ಆ ಸಂಜೆ ನಿನ್ನ ತಾತ ಮೋಟರಿನ ತಂತಿ ಪೆಟ್ಟಿಗೆ ಬಿಚ್ಚಿ ನೋಡಿ ನನ್ನ ಹತ್ತಿರ ಬಂದರು. "ಹುಡುಗಿ ತಪ್ಪು ಮಾಡಿಲ್ಲ ವರ್ಲಾ, ಚುಕ್ಕೆ ನೋಡಿ ಸರಿಯಾಗಿ ಕಟ್ಟಿದ್ದಾಳೆ" ಅಂದರು. ನನ್ನ ಕಡೆ ನೋಡಿದರು ಅಷ್ಟೇ. ಶನಿವಾರ ನಿನ್ನ ಹಾಳೆಯ ಮೇಲೆ "ಕೆಲಸ ಸರಿ" ಅಂತ ಬರೆದರು. ಅದು ಕನಿಕರ ಅಲ್ಲ ಕಣೇ. ನಿನ್ನ ತಾತ ಕನಿಕರಕ್ಕೆ ಅಂತ ಒಂದು ಅಕ್ಷರ ಬರೆದವರಲ್ಲ. ಸರಿಯಿತ್ತು, ಅದಕ್ಕೆ ಸರಿ ಅಂತ ಬರೆದರು.

"ಅವಳಿಗೆ ನೀನೇ ಹೇಳು" ಅಂದರು. ಹೇಳ್ತೀನಿ ಅಂದೆ.

ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಮೊದಲನೇ ವಾರ ಹೆದರಿಕೆ. ಲೈಸೆನ್ಸ್ ಇಲ್ಲದ ಹೆಂಡತಿ ತಂತಿ ಮುಟ್ಟಿದ್ದಳು ಅಂತ ಆದರೆ ನಿನ್ನ ತಾತನ ಲೈಸೆನ್ಸೇ ಹೋಗ್ತಿತ್ತು. ಆಮೇಲಿನ ನಾಲ್ಕು ವರ್ಷಕ್ಕೆ ಆ ಕಾರಣ ಸಾಕಾಗಲ್ಲ. ನಲವತ್ತು ವರ್ಷ ಊಟ ತಂದವಳು ಅನ್ನಿಸಿಕೊಂಡಿದ್ದೆ. ಒಂದು ತಪ್ಪು ಹೊರಗೆ ಬಂದರೆ, ಅದಕ್ಕೇ ಊಟ ತರೋದಷ್ಟೇ ಮಾಡಬೇಕಿತ್ತು ಅಂತ ಎಲ್ಲ ಗಂಡಸರೂ ಅಂತಿದ್ದರು. ಅಷ್ಟರಲ್ಲಿ ನೀನು ಬೋರ್ಡಿನ ಕೆಲಸ ಚೆನ್ನಾಗಿದೆ ಅಂತ ಹೊರಟೆ. ನಾನು ನಂಬಿದೆ. ನಂಬೋದು ಸುಲಭವಾಗಿತ್ತು.

ನಿನ್ನ ತಾತ ಆಸ್ಪತ್ರೆಯಲ್ಲಿದ್ದಾಗ ಇನ್ನೊಂದು ಸಲ ಕೇಳಿದರು. "ಹೇಳಿದೆಯಾ?" "ಹೂಂ" ಅಂದೆ. ಅದು ಸುಳ್ಳು.

ಈಗ ನಿನಗೆ ಯಾವ ಚೌಕ ಬೇಕೋ ಅದಕ್ಕೆ ಗುರುತು ಹಾಕು. ಬೋರ್ಡೇ ಆಗಲಿ, ಲಿಫ್ಟೇ ಆಗಲಿ. ಲಾರಿ ಮಾರಿದರೆ ಮಾರಿದ್ದಾಯ್ತು. ಆದರೆ ನಿನ್ನದಲ್ಲದ ತಪ್ಪನ್ನು ನೋಡಿಕೊಂಡು ಆರಿಸಬೇಡ.

ಅಜ್ಜಿ

*

ಬಾಯ್ಸಿ
13 ಮಾರ್ಚ್ 1998

ಅಜ್ಜಿ,

ನಿನ್ನ ಕಾಗದ ಮಧ್ಯಾಹ್ನ ಬಂತು. ಮೂರು ಸಲ ಫೋನ್ ಎತ್ತಿ ಇಟ್ಟೆ. ಸಿಟ್ಟಿನಲ್ಲಿ ಮಾತಾಡಿದರೆ ನೀನು ನಡುವೆ ಬಾಯಿ ಹಾಕ್ತೀಯ.

ನಾಲ್ಕು ವರ್ಷ, ಅಜ್ಜಿ. ಪ್ರತಿ ಕ್ರಿಸ್‌ಮಸ್‌ಗೆ ಬಂದಾಗ ಆರಿನ್ ಮಾವನ ಮನೆ ಮುಂದೆ ಹೋಗದೆ ಸುತ್ತಿ ಬರ್ತಿದ್ದೆ. ನೀನು ಅದನ್ನು ನೋಡ್ತಿದ್ದೆ. "ಆ ದಾರಿಯಲ್ಲಿ ಮಂಜು ಜಾಸ್ತಿಯಾ?" ಅಂತ ಒಂದು ಸಲ ಕೇಳಿಯೂ ಕೇಳಿದೆ.

ಇಷ್ಟು ಬರೆದು ಹೊರಗೆ ಹೋಗಿ ನಡೆದು ಬಂದೆ. ಈಗ ಇನ್ನೊಂದು ಮಾತು.

ಚುಕ್ಕೆ ತಪ್ಪಿಟ್ಟಿದ್ದು ನೀನು. ಸರಿ. ಆದರೆ ಮೋಟರನ್ನು ಸರಳಿಗೆ ಸೇರಿಸೋ ಮುಂಚೆ ಒಂದು ಕ್ಷಣ ಸ್ವಿಚ್ ಒತ್ತಿ ಬಿಟ್ಟು, ಯಾವ ಕಡೆ ತಿರುಗುತ್ತೆ ಅಂತ ನೋಡಬೇಕು. ಅದು ಜೋಡಿಸೋರ ಕೆಲಸ. ಯಾರ ಗುರುತನ್ನೂ ನಂಬಬಾರದು ಅಂತಲೇ ಅದನ್ನು ಮಾಡೋದು. ತಾತ ನನಗೆ ಹತ್ತು ಸಲ ತೋರಿಸಿಕೊಟ್ಟಿದ್ದ. ಅವತ್ತು ಬಿಸಿಲಿತ್ತು, ಹಲ್ಲು ಕಿತ್ತ ಕಡೆ ಇನ್ನೂ ನೋಯ್ತಿತ್ತು, ಮಾವ ಅವಸರ ಮಾಡ್ತಿದ್ದರು. ನಾನು ನೋಡಲಿಲ್ಲ. ಹಾಗಾಗಿ ನಿನ್ನ ತಪ್ಪು ನಿನ್ನದು, ನನ್ನದು ನನ್ನದು. ಪೂರ್ತಿ ನೀನೇ ಎತ್ತಿಕೊಂಡು ಹೋಗೋಕೆ ನಾನು ಬಿಡಲ್ಲ.

ವಿಚಿತ್ರ ಅಂದರೆ, ಹೀಗೆ ಗೊತ್ತಾದ ಮೇಲೆ ಆ ಬಾವಿಯ ಭಯ ಹೋಯಿತು. ಎಲ್ಲಿ ಏನಾಯಿತು ಅಂತ ಗೊತ್ತಿಲ್ಲದ್ದಕ್ಕೆ ಅಷ್ಟು ಹೆದರಿದ್ದೆ ಅನ್ನಿಸುತ್ತೆ. ನಾನು ತಂತಿ ಸರಿಯಾಗಿಯೇ ಕಟ್ಟಿದ್ದೆ ಅಂತ ನನಗೆ ನೆನಪಿತ್ತು, ಆದರೂ ಅದು ಉಲ್ಟಾ ತಿರುಗಿತ್ತು. ನನ್ನ ಕೈಯನ್ನೇ ನಂಬೋಕೆ ಆಗ್ತಿರಲಿಲ್ಲ.

ಹಳೇ ಫಾರ್ಮ್ ಹರಿದು ಹೊಸದು ತುಂಬಿದೆ. ಬಾವಿಯ ಪಂಪು. ತಾತ ಸಹಿ ಮಾಡಿದ ಎಲ್ಲ ಹಾಳೆಯನ್ನೂ ಲಗತ್ತಿಸಿದ್ದೀನಿ, ಜುಲೈ ವಾರದ್ದೂ ಸೇರಿಸಿ. ಪರೀಕ್ಷೆ ಇಪ್ಪತ್ತೆಂಟಕ್ಕೆ.

ಎರಡು ಷರತ್ತು. ಒಂದು, ಆರಿನ್ ಮಾವನಿಗೆ ನೀನೇ ಹೋಗಿ ಹೇಳಬೇಕು. ಕಾಗದ ಬರೆದಲ್ಲ, ಎದುರು ನಿಂತು. ಎರಡು, ನನ್ನ ಲೈಸೆನ್ಸಿನ ಕೆಳಗೆ ಸರ್ಕಾರದ ಕಾರ್ಡ್ ಇಲ್ಲದವರು ಯಾರೂ ತಂತಿ ಮುಟ್ಟೋ ಹಾಗಿಲ್ಲ. ಇದರ ಜೊತೆ ಆ ಕಾರ್ಡಿಗೆ ಒಂದು ಫಾರ್ಮ್ ಇದೆ. ತುಂಬಿ ಕಳಿಸು.

ಇನ್ನೂ ಸಿಟ್ಟಿದೆ.

ಜಾನೆಲ್

*

ರೂಪರ್ಟ್ ರಸ್ತೆ
5 ಏಪ್ರಿಲ್ 1998

ಜಾನೆಲ್ ಪುಟ್ಟಿ,

ಪಾಸಾದೆ ಅಂತ ಅಂಚೆ ಕಾರ್ಡಿನಲ್ಲಿ ಬರೆದಿದ್ದೀಯ, ಎಷ್ಟು ಬಂತು ಅಂತ ಬರೆದಿಲ್ಲ. ಅಂದರೆ ಅಷ್ಟಕ್ಕಷ್ಟೇ. ಇರಲಿ, ಬಾವಿ ಅಂಕಪಟ್ಟಿ ಕೇಳಲ್ಲ. ಅಂಗಡಿಯ ಕಾಗದಕ್ಕೆ ನಿನ್ನ ಹೆಸರು ಬರೆದು ಕಳಿಸಿದೆ. ಪಂಪ್ ಕಂಪನಿಯವನು ಮತ್ತೆ ಬಂದು ಚಕ್ರ ಒದ್ದ. ಇನ್ನೊಂದು ಸಲ ಒದ್ದರೆ ಪಂಕ್ಚರ್ ಖರ್ಚು ನಿನ್ನದು ಅಂತ ಹೇಳಿ ಕಳಿಸಿದೆ.

ಆರಿನ್ ಮನೆಗೆ ಹೋಗಿದ್ದೆ. ಹೆಸರಿಲ್ಲದ ಆ ತಟ್ಟೆಯಲ್ಲಿ ಪೈ ತಗೊಂಡು ಹೋದೆ, ಕೈ ಬೀಸಿಕೊಂಡು ಹೋಗೋಕೆ ಆಗಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವನು ಪೈ ನೋಡ್ತಾ ಕೇಳಿಸಿಕೊಂಡ.

"ನಾಲ್ಕು ವರ್ಷದಿಂದ ಗೊತ್ತು" ಅಂದ.

"ಯಾರು ಹೇಳಿದರು?"

"ಪೆಟ್ಟಿಗೆ ನಾನೂ ನೋಡಿದ್ದೆ. ನಿನ್ನ ಗಂಡ ಥೇನ್ ಉಗುರಿಗೆ ಕೆಂಪು ಬಳ್ಕೊಳ್ತಿದ್ದ ಅಂತ ನನಗೆ ಯಾರೂ ಹೇಳಿರಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಅವನು ಟೋಪಿ ತೆಗೆದು ತಪ್ಪು ನನ್ನದು ಅಂದ. ಅವನ ಮಾತು ಸುಳ್ಳು ಅಂತ ಅವನ ಮುಂದೆ ಹೇಳಲಾ? ಆ ಹುಡುಗಿ ತನ್ನ ಮೇಲೆ ಹಾಕ್ಕೊಂಡಿದ್ದಾಳೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ ವರ್ಲಾ. ಗೊತ್ತಿದ್ದರೆ ನಾನೇ ಬಾಯ್ಸಿಗೆ ಹೋಗಿ ಹೇಳ್ತಿದ್ದೆ."

ಆಮೇಲೆ ತಟ್ಟೆ ತಿರುಗಿಸಿ ನೋಡಿ, ಇದು ನನ್ನ ಹೆಂಡತಿಯದ್ದು ಅಂದ. ಈಗ ನಾಲ್ಕು ಜನ ಆದರು.

ಈಗ ನಿನ್ನ ಫಾರ್ಮಿನ ವಿಷಯಕ್ಕೆ ಬರ್ತೀನಿ. ನನ್ನನ್ನು ಟ್ರೈನಿ ಅಂತ ಬರೆಸಿದ್ದೀಯ. ಎಪ್ಪತ್ಮೂರು ವರ್ಷದವಳನ್ನು. ಕಚೇರಿಯ ಹುಡುಗಿ ಫೋನಿನಲ್ಲಿ "ಹುಟ್ಟಿದ ಇಸವಿ ತಪ್ಪಾಗಿದೆಯಾ ಮೇಡಂ?" ಅಂದಳು. ತಪ್ಪಾಗಿದೆ, ಸ್ವಲ್ಪ ಬೇಗ ಹುಟ್ಟಿಬಿಟ್ಟೆ ಅಂದೆ. ಅನುಭವ ಎಷ್ಟು ಅನ್ನೋ ಕಡೆ ನಲವತ್ತೊಂದು ವರ್ಷ ಅಂತ ಬರೆದಿದ್ದೆ. ಕಾರ್ಡಿನ ಮೇಲೆ ಸೊನ್ನೆ ಗಂಟೆ ಅಂತ ಅಚ್ಚಾಗಿ ಬಂದಿದೆ. ಸೊನ್ನೆ. ಅಡುಗೆಮನೆಯಲ್ಲಿ ಕೂತು ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಅದನ್ನು ನಿನ್ನ ತಾತನ ಟೋಪಿಯ ಪಕ್ಕ ಸಿಗಿಸಿದೆ. ಚಿಕ್ಕದಾದರೂ ನನ್ನ ಹೆಸರಲ್ಲಿ ಸರ್ಕಾರ ಅಚ್ಚು ಹಾಕಿಸಿದ ಮೊದಲನೇ ಕಾಗದ ಅದು, ಮದುವೆಯದ್ದು ಬಿಟ್ಟರೆ.

ಕಿರ್ಬಿ ಕೊಟ್ಟ ಬೀಳ್ಕೊಡುಗೆ ಬೋರ್ಡ್ ಲಾರಿಯಲ್ಲಿ ಬಂತು. "ವರ್ಲಾ ಮತ್ತು ಜಾನೆಲ್ ಪಂಪ್ಸ್", ಸುತ್ತ ದೀಪ. ನಿನ್ನ ಕೈಯದ್ದೇ ಅಕ್ಷರ, ಚೆನ್ನಾಗಿದೆ. ನನ್ನ ಹೆಸರು ಮೊದಲು ಹಾಕಬೇಕಾಗಿರಲಿಲ್ಲ. ಆದರೆ ಅದರ ತಂತಿ ನೀನು ಜೋಡಿಸೋ ಹಾಗಿಲ್ಲವಂತೆ, ನಿನ್ನದು ಈಗ ಪಂಪಿನ ಚೌಕ. ನಾನಂತೂ ಮುಟ್ಟೋ ಹಾಗೇ ಇಲ್ಲ. ಮೂರು ವರ್ಷ ಊರಿಗೆಲ್ಲ ಬೋರ್ಡ್ ಹಚ್ಚಿದವಳು ತನ್ನ ಅಂಗಡಿಯದ್ದು ಹಚ್ಚೋ ಹಾಗಿಲ್ಲ. ಈ ಕಾನೂನು ಬರೆದವರನ್ನು ಒಂದು ಸಲ ಊಟಕ್ಕೆ ಕರೆಯಬೇಕು. ಗೋಡೆಗೆ ಒರಗಿಸಿ ಮೇಲೆ ಗೋಣಿ ಹೊದಿಸಿದ್ದೀನಿ. ಕಿರ್ಬಿಯ ಮಂಡಿ ಸರಿಯಾದಾಗ ಅವನೇ ಬಂದು ಹಚ್ಚಲಿ, ಪೈ ಮಾಡಿಡ್ತೀನಿ.

ಆರಿನ್‌ನ ದೊಡ್ಡ ಬಾವಿಯ ಮೋಟರ್ ಚಳಿಗಾಲದ ರಿಪೇರಿಯಿಂದ ಬಂದಿದೆ. ಅದನ್ನೇ ನಿನ್ನ ಮೊದಲ ಕೆಲಸ ಮಾಡು ಅಂತ ಅವನೇ ಕೇಳಿದ. ಸೋಮವಾರ ಹದಿಮೂರು, ಬೆಳಿಗ್ಗೆ ಏಳಕ್ಕೆ. ಬಣ್ಣದ ಟೇಪು ಮೂರು ಸುರುಳಿ ತಂದಿಟ್ಟಿದ್ದೀನಿ. ಬಿಚ್ಚಿದಾಗ ಇಟ್ಟ ಚುಕ್ಕೆ ಮಾಸಿವೆ, ಅವುಗಳ ಮೇಲೆ ಟೇಪಿನ ಗುರುತು ನಾನು ಹಾಕ್ತೀನಿ. ನೀನು ನಂಬಬೇಡ, ಒತ್ತಿ ಬಿಟ್ಟು ನೋಡು.

ಶನಿವಾರ ನನ್ನ ಹಾಳೆಗೆ ಸಹಿ ಹಾಕೋದು ಮರೀಬೇಡ. ಸರಿಯಿದ್ದರೆ ಮಾತ್ರ ಸರಿ ಅಂತ ಬರಿ.

ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ಹಾಕ್ಕೊಂಡಿದ್ದೀನಿ.

ನಿನ್ನ ಟ್ರೈನಿ,
ವರ್ಲಾ